ಅಲೆಯ ಮೇಲೆ ನಿಲ್ಲುವ ಮೊದಲು

ಕಡಲ ಬದಿಯಲ್ಲಿ ಹುಟ್ಟಿ ಬೆಳೆದ ನಮ್ಮಲ್ಲಿ ಎಷ್ಟು ಮಂದಿ ಸೊಂಟಮಟ್ಟದ ಕಡಲ ನೀರಿನಲ್ಲಿ ಧೈರ್ಯವಾಗಿ ನಿಂತಿದ್ದೇವೆ? ಮೀನುಗಾರಿಕೆ ಮಾಡುವ ಬಂಧುಗಳನ್ನು ಬಿಟ್ಟರೆ ಉಳಿದವರ ಉತ್ತರ ಹೆಚ್ಚುಕಡಿಮೆ ಒಂದೇ. ಕಾಸರಗೋಡಿನಿಂದ ಮಂಜೇಶ್ವರದವರೆಗಿನ ಎಷ್ಟೋ ಮನೆಗಳಲ್ಲಿ ರಾತ್ರಿ ದೀಪ ಆರಿಸಿದರೆ ಅಲೆಗಳ ಸದ್ದು ಕೇಳುತ್ತದೆ. ಆದರೂ ನಾವು ಮಕ್ಕಳಿಗೆ ಕಡಲ ಬಗ್ಗೆ ಹೇಳಿಕೊಡುವ ಪಾಠ ಒಂದೇ ಒಂದು: "ನೀರಿಗೆ ಇಳಿಯಬೇಡ."

ನಮ್ಮ ಮನೆಯಲ್ಲಿ ಈ ಪಾಠಕ್ಕೆ ಕಾರಣವಿತ್ತು. 1993ರ ಡಿಸೆಂಬರ್‌ನಲ್ಲಿ, ಕ್ರಿಸ್ಮಸ್ ಕಳೆದ ಮೂರನೆಯ ದಿನ, ನನ್ನ ಅಣ್ಣ ಗೆಳೆಯರೊಂದಿಗೆ ಕಡಲತೀರಕ್ಕೆ ಹೋದವನು ಮರಳಿ ಬರಲಿಲ್ಲ. ಅವನಿಗೆ ಆಗ ಹತ್ತೊಂಬತ್ತು ವರ್ಷ, ನನಗೆ ಹನ್ನೆರಡು. ಅವನಿಗೆ ಈಜು ಬರುತ್ತಿರಲಿಲ್ಲವೆಂದಲ್ಲ. ನಮ್ಮ ತೋಟದ ಕೆರೆಯನ್ನು ಈ ಬದಿಯಿಂದ ಆ ಬದಿಗೆ ದಾಟಿ ನಿಲ್ಲದೆ ತಿರುಗಿ ಬರುವಷ್ಟು ಚೆನ್ನಾಗಿ ಬರುತ್ತಿತ್ತು. ಜೊತೆಗಿದ್ದ ಹುಡುಗರು ಹೇಳಿದ್ದು ನನಗೆ ಇಂದಿಗೂ ನೆನಪಿದೆ. ಅಲೆ ಜೋರಾಗಿದ್ದ ಕಡೆ ಅವರು ಇಳಿದಿರಲಿಲ್ಲವಂತೆ. ಅಲೆ ಇಲ್ಲದ, ನೀರು ಶಾಂತವಾಗಿದ್ದ ಜಾಗವನ್ನು ನೋಡಿಯೇ ಇಳಿದಿದ್ದರಂತೆ. "ಸುಳಿಗೆ ಸಿಕ್ಕಿದ" ಎಂದು ಊರವರು ಹೇಳಿದರು. ನಾವೂ ಹಾಗೆಯೇ ನಂಬಿದೆವು.

ಅಂದಿನಿಂದ ನಮ್ಮ ಮನೆಯಲ್ಲಿ ಕಡಲಿನ ಮಾತು ನಿಂತಿತು. ಸಂಜೆಯ ಜಪಸರ ಮುಗಿದ ಮೇಲೆ ಮಾಯ್ ಅಣ್ಣನ ಆತ್ಮಶಾಂತಿಗಾಗಿ ಒಂದು ಪ್ರಾರ್ಥನೆ ಸೇರಿಸುತ್ತಿದ್ದರು, ಈಗಲೂ ಸೇರಿಸುತ್ತಾರೆ. ಮೂವತ್ತೊಂದು ವರ್ಷ ನಾನು ಕಡಲ ನೀರಿಗೆ ಕಾಲಿಡಲಿಲ್ಲ.

ಮಗಳ ಆಸೆ

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ಸ್ಪರ್ಧೆ ಪ್ಯಾರಿಸ್‌ನಿಂದ ಸಾವಿರಾರು ಮೈಲಿ ದೂರದ ತಾಹಿತಿ ದ್ವೀಪದಲ್ಲಿ ನಡೆಯಿತು. ಮನೆಯೆತ್ತರದ ಅಲೆಯ ಮೇಲೆ ಒಂದು ಹಲಗೆ ಹಾಕಿಕೊಂಡು ಜಾರುವ ಆ ಆಟವನ್ನು ನನ್ನ ಮಗಳು ಕಣ್ಣು ಮಿಟುಕಿಸದೆ ನೋಡಿದಳು. ಅವಳಿಗೆ ಹದಿನಾಲ್ಕು ವರ್ಷ. ಶಾಲೆಯ ಶಿಬಿರದಲ್ಲಿ ಈಜು ಕಲಿತಿದ್ದಾಳೆ. "ಮಮ್ಮಿ, ನಾನೂ ಕಲಿಯಬೇಕು" ಎಂದಳು. ನಾನು ಮಾತು ಬದಲಿಸಿದೆ. ಅವಳು ಬಿಡಲಿಲ್ಲ.

ಇದು ಎಲ್ಲೋ ಹೊರದೇಶದ ಶ್ರೀಮಂತರ ಆಟ ಎಂದೇ ನಾನು ತಿಳಿದಿದ್ದೆ. ವಿಚಾರಿಸಿದಾಗ ನಮ್ಮ ಪಕ್ಕದಲ್ಲೇ ಇದೆ ಎಂದು ಗೊತ್ತಾಯಿತು. ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಮುಲ್ಕಿಯಲ್ಲಿ 2004ರ ಸುಮಾರಿಗೆ ಅಮೆರಿಕ ಮೂಲದ ಜ್ಯಾಕ್ ಹೆಬ್ನರ್ ಎಂಬವರು ಆಶ್ರಮವೊಂದನ್ನು ಆರಂಭಿಸಿದರು. ಜನ ಅವರನ್ನು 'ಸರ್ಫಿಂಗ್ ಸ್ವಾಮಿ' ಎಂದೇ ಕರೆದರು. ಊರಿನ ಹುಡುಗರು ಅಲ್ಲಿ ಅಲೆಸವಾರಿ ಕಲಿತರು. ಮುಂದೆ ಅವರಲ್ಲಿ ಕೆಲವರು ಇತರರಿಗೆ ಕಲಿಸುವವರಾದರು. 2016ರ ಮೇ ತಿಂಗಳಲ್ಲಿ ಪಕ್ಕದ ಸಸಿಹಿತ್ಲು ತೀರದಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆಯೂ ನಡೆಯಿತು. ನಮ್ಮ ಊರಿನಿಂದ ರೈಲಿನಲ್ಲಿ ಮಂಗಳೂರು, ಅಲ್ಲಿಂದ ಬಸ್ಸಿನಲ್ಲಿ ಮುಲ್ಕಿ. ಅರ್ಧ ದಿನದ ದಾರಿಯೂ ಅಲ್ಲ.

2025ರ ಮೇ ಮೊದಲ ವಾರ ನಾವಿಬ್ಬರೂ ಹೊರಟೆವು. ಅಷ್ಟರಲ್ಲೇ ಹೋಗಬೇಕಿತ್ತು, ಏಕೆಂದರೆ ಮುಂಗಾರು ಬಂದರೆ ಕಲಿಯುವವರಿಗೆ ಕಡಲು ಮುಚ್ಚಿದಂತೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳೇ ನೀರಿಗಿಳಿಯುವುದಿಲ್ಲ. ಕೇರಳದಲ್ಲೂ ಜೂನ್ ಎರಡನೆಯ ವಾರದಿಂದ ಜುಲೈ ಕೊನೆಯವರೆಗೆ ಟ್ರಾಲಿಂಗ್ ನಿಷೇಧವಿರುತ್ತದೆ. ಮೀನಿನ ಸಂತಾನಕ್ಕಾಗಿ ಮಾಡಿದ ನಿಯಮವಾದರೂ ಆ ದಿನಗಳ ಕಡಲು ಎಂಥದ್ದು ಎಂಬುದು ತೀರದವರಿಗೆಲ್ಲ ಗೊತ್ತು.

ಮಾಯ್‌ಗೆ ನಾನು ನಿಜ ಹೇಳಲಿಲ್ಲ. "ಕಿನ್ನಿಗೋಳಿಯ ನೆಂಟರಲ್ಲಿಗೆ ಹೋಗಿ ಮೂರು ದಿನ ಇದ್ದು ಬರುತ್ತೇವೆ" ಎಂದೆ. ಉಳಿದದ್ದು ಅವರ ಮನೆಯಲ್ಲೇ, ಆದ್ದರಿಂದ ಪೂರ್ತಿ ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಶಾಂತವಾದ ಜಾಗ

ಮೊದಲ ದಿನ ಬೆಳಿಗ್ಗೆ ಆರೂವರೆಗೆ ತೀರದಲ್ಲಿದ್ದೆವು. ಕಲಿಸುವ ಹುಡುಗನಿಗೆ ಇಪ್ಪತ್ತೈದು ವರ್ಷವಿರಬಹುದು, ಮೀನುಗಾರರ ಮನೆಯವನು. ಮಗಳ ಕೈಗೆ ಬೋರ್ಡ್ ಕೊಡುತ್ತಾನೆ ಎಂದುಕೊಂಡಿದ್ದೆ. ಕೊಡಲಿಲ್ಲ. ನನ್ನನ್ನೂ ಕರೆದು, "ಅಕ್ಕ, ನೀವೂ ಬನ್ನಿ. ಇದನ್ನು ತಂದೆತಾಯಿ ಕೇಳಬೇಕು" ಎಂದು ಕಡಲಿಗೆ ಮುಖ ಮಾಡಿ ಕೂರಿಸಿದ.

ಹತ್ತು ನಿಮಿಷ ಸುಮ್ಮನೆ ನೀರು ನೋಡಿ ಎಂದ. ನೋಡಿದೆವು. ಎಡಕ್ಕೆ ಅಲೆಗಳು ಸಾಲಾಗಿ ಮುರಿದು ಬಿಳಿ ನೊರೆಯಾಗುತ್ತಿದ್ದವು. ಬಲಕ್ಕೂ ಹಾಗೆಯೇ. ನಡುವೆ ಸ್ವಲ್ಪ ಅಗಲದ ಒಂದು ಜಾಗದಲ್ಲಿ ಅಲೆ ಮುರಿಯುತ್ತಿರಲಿಲ್ಲ. ನೀರು ತುಸು ಕಪ್ಪಾಗಿ, ಸಮತಟ್ಟಾಗಿ ಕಾಣುತ್ತಿತ್ತು.

"ಎಲ್ಲಿ ಇಳಿದರೆ ಸೇಫ್ ಅಂತ ಕಾಣ್ತದೆ ನಿಮಗೆ?" ಎಂದು ಕೇಳಿದ.

ನಾನು ನಡುವಿನ ಶಾಂತ ಜಾಗವನ್ನು ತೋರಿಸಿದೆ. ಮಗಳೂ ಅದನ್ನೇ ತೋರಿಸಿದಳು.

"ಎಲ್ಲರೂ ಅದನ್ನೇ ತೋರಿಸುವುದು ಅಕ್ಕ. ಅಲ್ಲೇ ನೀರು ಹೊರಗೆ ಹೋಗುವುದು. ಮುಳುಗಿದವರಲ್ಲಿ ತುಂಬ ಮಂದಿ ಇಳಿದದ್ದು ಅಂಥಲ್ಲೇ."

ನನಗೆ ಸ್ವಲ್ಪ ಹೊತ್ತು ಅವನ ಮಾತು ಕೇಳಿಸಲಿಲ್ಲ. ಅಣ್ಣನ ಗೆಳೆಯರು ಅಂದು ನಮ್ಮ ಅಂಗಳದಲ್ಲಿ ನಿಂತು ಹೇಳಿದ್ದು ಮಾತ್ರ ಕೇಳಿಸುತ್ತಿತ್ತು: ಅಲೆ ಇಲ್ಲದ ಕಡೆ ನೋಡಿಯೇ ಇಳಿದೆವು.

ಅವನು ಒಂದು ಕೋಲು ತೆಗೆದುಕೊಂಡು ಮರಳಿನ ಮೇಲೆ ಗೆರೆ ಎಳೆದು ವಿವರಿಸಿದ. ಅಲೆಗಳು ದಡದ ಕಡೆಗೆ ನೀರನ್ನು ತಂದು ಸುರಿಯುತ್ತಲೇ ಇರುತ್ತವೆ. ಆ ನೀರು ಹಿಂದೆ ಹೋಗಲೇಬೇಕು. ನೀರಿನಡಿಯ ಮರಳದಿಬ್ಬಗಳ ನಡುವೆ ಎಲ್ಲಿ ಆಳವಾದ ಕಾಲುವೆಯಂಥ ದಾರಿ ಇದೆಯೋ ಅಲ್ಲಿ ಸೇರಿ ಒಟ್ಟಾಗಿ ಹೊರಗೆ ಹರಿಯುತ್ತದೆ. ಗದ್ದೆಯ ಬದುವಿನಲ್ಲಿ ಒಂದು ಕಡೆ ಕಡಿದುಬಿಟ್ಟರೆ ನೀರೆಲ್ಲ ಅಲ್ಲಿಗೇ ನುಗ್ಗುವ ಹಾಗೆ. ಆಳವಿರುವುದರಿಂದ ಅಲ್ಲಿ ಅಲೆ ಮುರಿಯುವುದಿಲ್ಲ. ಅದಕ್ಕೇ ಶಾಂತವಾಗಿ ಕಾಣುತ್ತದೆ. ಇದಕ್ಕೆ ರಿಪ್ ಕರೆಂಟ್ ಎನ್ನುತ್ತಾರೆ. ನದಿ ಕಡಲು ಸೇರುವಲ್ಲಿ, ಬಂಡೆಗಳ ಪಕ್ಕದಲ್ಲಿ, ಕಡಲಿಗೆ ಚಾಚಿದ ಕಲ್ಲಿನ ತಡೆಗೋಡೆಗಳ ಬದಿಯಲ್ಲಿ ಇಂಥ ಸೆಳೆತ ಹೆಚ್ಚು. ಜೋರಾಗಿದ್ದಾಗ ಅದರ ವೇಗ ಸೆಕೆಂಡಿಗೆ 2 ಮೀಟರನ್ನೂ ಮೀರಬಹುದು. ಒಲಿಂಪಿಕ್ ಈಜುಗಾರನೂ ಅದಕ್ಕೆ ಎದುರಾಗಿ ಈಜಿ ದಡ ಸೇರಲಾರ.

ಮುಖ್ಯವಾದ ಮಾತು ಇನ್ನೊಂದಿದೆ. ಅದು ಸುಳಿಯಲ್ಲ. ಮನುಷ್ಯನನ್ನು ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ ಅಷ್ಟೇ. ಅಲೆ ಮುರಿಯುವ ಸಾಲು ದಾಟಿದ ಮೇಲೆ ಸಾಮಾನ್ಯವಾಗಿ ಅದರ ಬಲ ಕುಗ್ಗುತ್ತದೆ. ಜನ ಸಾಯುವುದು ದಡದ ಕಡೆಗೇ ಈಜಲು ಹೋಗಿ, ದಣಿದು, ಗಾಬರಿಯಾಗಿ. ಸಿಕ್ಕಿಬಿದ್ದವರು ಮೊದಲು ಮಾಡಬೇಕಾದದ್ದು ಬೆನ್ನ ಮೇಲೆ ತೇಲುವುದು, ಉಸಿರು ಸರಿಮಾಡಿಕೊಳ್ಳುವುದು, ಒಂದು ಕೈ ಎತ್ತಿ ಸಹಾಯಕ್ಕೆ ಕರೆಯುವುದು. ಶಕ್ತಿ ಇದ್ದರೆ ದಡಕ್ಕೆ ಎದುರಾಗಿ ಅಲ್ಲ, ದಡದ ಉದ್ದಕ್ಕೆ ಪಕ್ಕಕ್ಕೆ ಈಜಬೇಕು. ಸೆಳೆತ ಅಗಲವಾಗಿರುವುದಿಲ್ಲ. ಅದರಿಂದ ಹೊರಬಂದು, ಬಿಳಿ ನೊರೆ ಇರುವ ಕಡೆಯಿಂದ ಅಲೆಗಳ ಜೊತೆಗೆ ದಡಕ್ಕೆ ಬರಬೇಕು.

ಇಷ್ಟು ಹೇಳಲು ಅವನಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಇಪ್ಪತ್ತು ನಿಮಿಷದ ಈ ಪಾಠವನ್ನು ನಮ್ಮ ಇಡೀ ಊರಿನಲ್ಲಿ ಯಾರೂ ನನ್ನ ಅಣ್ಣನಿಗೆ ಹೇಳಿರಲಿಲ್ಲ.

ಅಲೆ ಎಲ್ಲಿಂದ ಬರುತ್ತದೆ?

ಮಗಳ ಪ್ರಶ್ನೆ ಬೇರೆ. "ಇಲ್ಲಿ ಗಾಳಿಯೇ ಇಲ್ಲವಲ್ಲ, ಅಲೆ ಎಲ್ಲಿಂದ ಬರ್ತದೆ?" ಒಳ್ಳೆಯ ಪ್ರಶ್ನೆ. ನಮ್ಮ ತೀರಕ್ಕೆ ಬರುವ ಎಷ್ಟೋ ಅಲೆಗಳು ಹುಟ್ಟುವುದು ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳಲ್ಲಿ. ಅಲ್ಲಿಂದ ಹೊರಟ ಉಬ್ಬು ದಿನಗಟ್ಟಲೆ ಪ್ರಯಾಣ ಮಾಡಿ ಇಲ್ಲಿಗೆ ತಲುಪುತ್ತದೆ. ಪ್ರಯಾಣ ಮಾಡುವುದು ನೀರಲ್ಲ, ಅಲೆ. ಆಳ ಕಡಲಿನಲ್ಲಿ ತೇಲುವ ತೆಂಗಿನಕಾಯಿ ಹೆಚ್ಚುಕಡಿಮೆ ಇದ್ದಲ್ಲೇ ಏರಿ ಇಳಿಯುತ್ತದೆ. ದಡದ ಹತ್ತಿರ ಆಳ ಕಡಿಮೆಯಾದಾಗ ಅಲೆಯ ಬುಡ ನಿಧಾನವಾಗಿ, ತಲೆ ಮುಂದೆ ಬಾಗಿ ಮುರಿಯುತ್ತದೆ. 1 ಮೀಟರ್ ಎತ್ತರದ ಅಲೆ ಸುಮಾರು 1.3 ಮೀಟರ್ ಆಳದಲ್ಲಿ ಮುರಿಯುತ್ತದೆ ಎಂಬುದು ಒಂದು ಸ್ಥೂಲ ಲೆಕ್ಕ.

ನಮ್ಮ ಕೇರಳದ ಮೀನುಗಾರರಿಗೆ ಇದು ಹೊಸ ವಿಷಯವಲ್ಲ. ಗಾಳಿ ಮಳೆಯ ಸೂಚನೆಯೇ ಇಲ್ಲದೆ ಒಮ್ಮೆಲೇ ತೀರಕ್ಕೆ ನುಗ್ಗುವ ನೀರಿಗೆ ಅವರು 'ಕಳ್ಳಕ್ಕಡಲ್' ಎಂದು ಹೆಸರಿಟ್ಟಿದ್ದಾರೆ. ಕಳ್ಳನಂತೆ ಬರುವ ಕಡಲು. ಅದರ ಮೂಲವೂ ದೂರದ ಆ ದಕ್ಷಿಣ ಸಾಗರವೇ. 2012ರಲ್ಲಿ ಯುನೆಸ್ಕೋ ಈ ಪದವನ್ನು ವೈಜ್ಞಾನಿಕ ಬಳಕೆಗೆ ಅಂಗೀಕರಿಸಿತು. ಹೈದರಾಬಾದಿನಲ್ಲಿರುವ ಇಂಕೊಯಿಸ್ ಎಂಬ ಕೇಂದ್ರ ಸರಕಾರದ ಸಂಸ್ಥೆ ಇಂಥ ಅಲೆಗಳ ಮುನ್ಸೂಚನೆ ನೀಡುತ್ತದೆ. ತೀರಕ್ಕೆ ಹೋಗುವ ಮೊದಲು ಪತ್ರಿಕೆಯಲ್ಲೋ ಫೋನಿನಲ್ಲೋ ಅದನ್ನು ನೋಡುವುದು ಒಳ್ಳೆಯ ಅಭ್ಯಾಸ.

ಬೀಳುವ ಪಾಠ

ಅಂದು ಮಗಳು ನೀರಿಗಿಳಿದಳು. ನಾನು ಮರಳಿನ ಮೇಲೆ ಕುಳಿತು, ಅವಳ ತಲೆ ಕಾಣದಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಪಕ್ಕದಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ಇದನ್ನು ನೋಡಿದರು. "ಕಡಲಿಗೆ ಹೆದರುವುದು ಒಳ್ಳೆಯದೇ ಬಾಯಮ್ಮಾ" ಎಂದರು. "ಆದರೆ ಹೆದರಿ ಬೆನ್ನು ಹಾಕಬಾರದು. ಬೆನ್ನು ಹಾಕಿದವನಿಗೇ ಅಲೆ ಹೊಡೆಯುವುದು."

ಎರಡನೆಯ ದಿನ ನಾನೂ ಇಳಿದೆ.

ಕಲಿಯುವವರಿಗೆ ಕೊಡುವ ಬೋರ್ಡ್ ಎಂಟು ಒಂಬತ್ತು ಅಡಿ ಉದ್ದವಿರುತ್ತದೆ. ಮೇಲ್ಭಾಗ ಮೆತ್ತನೆಯ ಫೋಮ್, ಬಡಿದರೂ ಗಾಯ ಕಡಿಮೆ. ಉದ್ದವೂ ಅಗಲವೂ ಹೆಚ್ಚಿದ್ದಷ್ಟು ನೀರಿನ ಮೇಲೆ ಅಲುಗಾಟ ಕಡಿಮೆ. ಅಡಿಯಲ್ಲಿ ಮೀನಿನ ರೆಕ್ಕೆಯಂಥ ಫಿನ್‌ಗಳಿದ್ದು ದಿಕ್ಕು ತಪ್ಪದಂತೆ ನೋಡಿಕೊಳ್ಳುತ್ತವೆ. ಬೋರ್ಡಿನ ಹಿಂತುದಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ನಮ್ಮ ಕಾಲಿಗೆ. ಇದಕ್ಕೆ ಲೀಶ್ ಎನ್ನುತ್ತಾರೆ. ಬಿದ್ದಾಗ ತೇಲುವ ವಸ್ತುವೊಂದು ನಮ್ಮ ಹತ್ತಿರವೇ ಇರಲಿ, ಹಲಗೆ ಕೊಚ್ಚಿಹೋಗಿ ಬೇರೆಯವರಿಗೆ ಬಡಿಯದಿರಲಿ ಎಂದು ಈ ಏರ್ಪಾಡು.

ಮೊದಲು ಮರಳಿನ ಮೇಲೆ ಅಭ್ಯಾಸ. ಬೋರ್ಡಿನ ಮೇಲೆ ಬೋರಲು ಮಲಗಬೇಕು. ಕೈಗಳನ್ನು ಪಕ್ಕೆಲುಬಿನ ಬಳಿ ಊರಿ ಎದೆ ಎತ್ತಿ, ಒಂದೇ ಸಲಕ್ಕೆ ಎರಡೂ ಕಾಲುಗಳನ್ನು ಒಳಗೆ ತಂದು ಅಡ್ಡಲಾಗಿ ನಿಲ್ಲಬೇಕು. ಮೊಣಕಾಲು ಬಾಗಿರಬೇಕು. ಇದೇ ಪಾಪ್-ಅಪ್. ಮಕ್ಕಳು ಇದನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡುತ್ತಾರೆ. ನಾನು ಮೊದಲು ಒಂದು ಮಂಡಿ ಊರಿ, ಆಮೇಲೆ ಇನ್ನೊಂದು ಊರಿ, ಇಗರ್ಜಿಯಲ್ಲಿ ಮೊಣಕಾಲೂರಿ ಏಳುವ ಹಾಗೆ ಎದ್ದೆ. ಮಗಳು ನಕ್ಕಳು. ಹುಡುಗನೂ ನಕ್ಕ, ಆದರೆ ಹತ್ತು ಸಲ ಮಾಡಿಸಿದ.

ನೀರಿನಲ್ಲಿ ನಾವು ಸೊಂಟಮಟ್ಟಕ್ಕಿಂತ ಮುಂದೆ ಹೋಗಲಿಲ್ಲ. ಹೊಸಬರು ಕಲಿಯುವುದು ಏರಿ ಬರುವ ಹಸಿರು ಅಲೆಯ ಮೇಲಲ್ಲ. ಅದು ಮುರಿದ ಮೇಲೆ ದಡಕ್ಕೆ ಉರುಳಿ ಬರುವ ಬಿಳಿ ನೊರೆಯ ಮೇಲೆ. ಅವನು ಬೋರ್ಡ್ ಹಿಡಿದುಕೊಂಡು ಕಾಯುತ್ತಾನೆ. ನೊರೆ ಹತ್ತಿರ ಬಂದಾಗ ತಳ್ಳುತ್ತಾನೆ. ಒಮ್ಮೆಲೇ ಯಾರೋ ಬೆನ್ನಿಗೆ ಕೈಕೊಟ್ಟು ಎತ್ತಿದಂತೆ ಬೋರ್ಡ್ ಮುಂದಕ್ಕೆ ಜಿಗಿಯುತ್ತದೆ. ಆ ಕ್ಷಣ ಏಳಬೇಕು.

ನಾನು ಬಿದ್ದೆ. ಎಡಕ್ಕೆ ಬಿದ್ದೆ, ಬಲಕ್ಕೆ ಬಿದ್ದೆ, ಮುಂದಕ್ಕೆ ಮುಗ್ಗರಿಸಿದೆ. ಮೂಗಿಗೆ ಉಪ್ಪುನೀರು ಹೋಯಿತು. ಏಳುವುದಕ್ಕಿಂತ ಬೀಳುವುದನ್ನೇ ಅವನು ಹೆಚ್ಚು ಶ್ರದ್ಧೆಯಿಂದ ಕಲಿಸಿದ ಎಂಬುದು ಆಗ ಗಮನಕ್ಕೆ ಬಂತು. ತಲೆ ಮುಂದಾಗಿ ಧುಮುಕಬಾರದು, ನೆಲ ಎಷ್ಟು ಹತ್ತಿರವಿದೆ ಎಂದು ಗೊತ್ತಿರುವುದಿಲ್ಲ. ಬೋರ್ಡಿನಿಂದ ಪಕ್ಕಕ್ಕೆ, ಮೈ ಚಪ್ಪಟೆಯಾಗಿ ಬೀಳಬೇಕು. ಮೇಲೆ ಬರುವಾಗ ಎರಡೂ ತೋಳುಗಳಿಂದ ತಲೆ ಮುಚ್ಚಿಕೊಳ್ಳಬೇಕು. ಅಲೆಗೂ ನಮಗೂ ನಡುವೆ ಬೋರ್ಡ್ ಅಡ್ಡವಾಗಿ ಇರಬಾರದು, ಅಲೆ ಅದನ್ನು ಎತ್ತಿ ನಮ್ಮ ಮೇಲೆಯೇ ಎಸೆಯುತ್ತದೆ. ಕಾಲಿನ ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಬಾರದು.

ಇನ್ನೊಂದು ಮಾತನ್ನು ಅವನು ಮತ್ತೆ ಮತ್ತೆ ಹೇಳಿದ: "ಕಾಲು ನೋಡಬೇಡಿ ಅಕ್ಕ. ಕಾಲು ನೋಡಿದರೆ ಬೀಳ್ತೀರಿ. ದಡದ ತೆಂಗಿನಮರ ನೋಡಿ."

ನೀರಿನ ಮೇಲೆ ನಡೆದ ಸಂತ ಪೇತ್ರರ ಕಥೆ ಆಗ ನೆನಪಾಯಿತು. ಯೇಸುಸ್ವಾಮಿಯನ್ನು ನೋಡುತ್ತಾ ನಡೆದ ಪೇತ್ರ, ಗಾಳಿಯ ಕಡೆಗೆ ಗಮನ ಹೋದಾಗ ಮುಳುಗತೊಡಗಿದ ಎಂದು ಮತ್ತಾಯನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಓದುತ್ತೇವೆ. ಅಲ್ಪವಿಶ್ವಾಸದ ಉದಾಹರಣೆಯಾಗಿ ಈ ಭಾಗವನ್ನು ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೇನೆ. ನೀರಿನಲ್ಲಿ ನಿಂತಾಗ ಅದರ ಇನ್ನೊಂದು ಭಾಗ ಕಂಡಿತು. ಮುಳುಗತೊಡಗಿದ ತಕ್ಷಣ ಪೇತ್ರ ಕೂಗಿದ. ನಾಚಿಕೊಳ್ಳಲಿಲ್ಲ, ತಾನೇ ಹೇಗೋ ದಡ ಸೇರುತ್ತೇನೆ ಎಂದು ಹೋರಾಡಲಿಲ್ಲ. ಕೂಗಿದ್ದರಿಂದಲೇ ಕೈ ಬಂತು. ನಮ್ಮ ಹುಡುಗರು ಅನೇಕರು ಗೆಳೆಯರೆದುರು ನಾಚಿಕೆಯಾಗಿ ಕೈ ಎತ್ತುವುದಿಲ್ಲ. ಎತ್ತುವಷ್ಟರಲ್ಲಿ ತಡವಾಗಿರುತ್ತದೆ.

ಮೂರನೆಯ ದಿನ ಮಗಳು ಹತ್ತಾರು ಸಲ ನಿಂತು ದಡದವರೆಗೂ ಬಂದಳು. ನಾನು ಒಮ್ಮೆ ನಿಂತೆ. ಮೂರು ಸೆಕೆಂಡು ಇರಬಹುದು. ತೆಂಗಿನಮರ ನನ್ನ ಕಡೆಗೆ ಓಡಿಬಂದಂತೆ ಕಂಡಿತು. ಬಿದ್ದು ಎದ್ದಾಗ ಅತ್ತದ್ದು ಉಪ್ಪುನೀರಿನಿಂದ ಎಂದು ಮಗಳಿಗೆ ಹೇಳಿದೆ.

ಹಲಗೆ ಉಳಿಸಿದ ಜೀವಗಳು

ಈ ಆಟ ಹವಾಯಿ ಮತ್ತು ಪೆಸಿಫಿಕ್ ಸಾಗರದ ಇತರ ದ್ವೀಪಗಳ ಜನರಿಂದ ಜಗತ್ತಿಗೆ ಬಂದದ್ದು. ಅದನ್ನು ದೇಶದೇಶಗಳಿಗೆ ಪರಿಚಯಿಸಿದವರಲ್ಲಿ ಮೊದಲಿಗರು ಹವಾಯಿಯ ಡ್ಯೂಕ್ ಕಹನಮೋಕು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಈಜಿನಲ್ಲಿ ಚಿನ್ನ ಗೆದ್ದವರು. 1925ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ತೀರದಲ್ಲಿ ದೊಡ್ಡ ಅಲೆಗಳಿಗೆ ಸಿಕ್ಕಿ ದೋಣಿಯೊಂದು ಮಗುಚಿದಾಗ ಅವರು ತಮ್ಮ ಬೋರ್ಡಿನೊಂದಿಗೆ ಮತ್ತೆ ಮತ್ತೆ ಆ ನೀರಿಗೆ ನುಗ್ಗಿ ಎಂಟು ಮಂದಿಯನ್ನು ಬದುಕಿಸಿದರು. ಆಟದ ಹಲಗೆ ಜೀವರಕ್ಷಣೆಯ ಸಾಧನವೂ ಆಗಬಲ್ಲದು ಎಂದು ಲೋಕಕ್ಕೆ ತೋರಿಸಿದ ಘಟನೆಗಳಲ್ಲಿ ಅದೊಂದು.

ನಮ್ಮ ಕೇರಳದ ಕೋವಳಂನಲ್ಲಿ ಈ ಹಲಗೆ ಬೇರೊಂದು ರೀತಿಯಲ್ಲಿ ಕೈಹಿಡಿಯಿತು. 2005ರಲ್ಲಿ ಆರಂಭವಾದ ಅಲ್ಲಿನ ಸರ್ಫ್ ಕ್ಲಬ್ ಮಕ್ಕಳಿಗೆ ಇಟ್ಟ ನಿಯಮ ಸರಳ: ಶಾಲೆಗೆ ಹೋಗದವರಿಗೆ ಬೋರ್ಡ್ ಇಲ್ಲ. ಕೋವಳಂ ತೀರದಲ್ಲೇ ಅಲೆಸವಾರಿ ಕಲಿತು ಬೆಳೆದವರು ರಮೇಶ್ ಬುದಿಹಾಳ್, ಹೊಟ್ಟೆಪಾಡಿಗಾಗಿ ಗಡಿ ದಾಟಿ ಅಲ್ಲಿ ನೆಲೆಸಿದ ಕರ್ನಾಟಕ ಮೂಲದ ಕುಟುಂಬದವರು. ನಾವು ಮುಲ್ಕಿಯಿಂದ ಬಂದ ಮೂರು ತಿಂಗಳಲ್ಲೇ, 2025ರ ಆಗಸ್ಟ್‌ನಲ್ಲಿ, ಮಹಾಬಲಿಪುರಂನಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಅವರು ಕಂಚಿನ ಪದಕ ಗೆದ್ದರು. ಆ ಸುದ್ದಿಯ ಪತ್ರಿಕಾ ತುಣುಕು ಈಗ ನನ್ನ ಮಗಳ ಓದುಮೇಜಿನ ಮೇಲಿದೆ.

ನಮ್ಮ ಧರ್ಮಸಭೆಗೂ ಈ ಆಟದೊಂದಿಗೆ ನಂಟಿದೆ. ಬ್ರೆಜಿಲ್ ದೇಶದ ಗಿಡೋ ಶೇಫರ್ ವೈದ್ಯರಾಗಿದ್ದರು, ಬಡ ರೋಗಿಗಳ ಸೇವೆಯಲ್ಲಿ ತೊಡಗಿದ್ದರು, ಗುರುಮಠದಲ್ಲಿ ಯಾಜಕದೀಕ್ಷೆಗೆ ಸಿದ್ಧರಾಗುತ್ತಿದ್ದರು. ಜೊತೆಗೆ ಸರ್ಫಿಂಗ್ ಅವರಿಗೆ ಪ್ರಾಣ. ತೀರದಲ್ಲಿ ಗೆಳೆಯರನ್ನು ಸೇರಿಸಿ ಪ್ರಾರ್ಥಿಸಿ ನೀರಿಗಿಳಿಯುತ್ತಿದ್ದರು. 2009ರ ಮೇ 1ರಂದು ರಿಯೋ ನಗರದ ತೀರದಲ್ಲಿ ಅಲೆಯಾಡುತ್ತಿದ್ದಾಗ ಕುತ್ತಿಗೆಯ ಹಿಂಭಾಗಕ್ಕೆ ಪೆಟ್ಟು ಬಿದ್ದು, ಪ್ರಜ್ಞೆ ತಪ್ಪಿ ಮುಳುಗಿ ತೀರಿಕೊಂಡರು. ವಯಸ್ಸು 34. ಸಂತ ಪದವಿಯ ಹಾದಿಯ ಒಂದು ಹಂತವಾದ 'ವೆನರೆಬಲ್' ಎಂಬ ಗೌರವವನ್ನು 2023ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಅವರಿಗೆ ನೀಡಿದರು. ಅವರ ಸಾವನ್ನು ಇಲ್ಲಿ ಮುಚ್ಚಿಡದೆ ಹೇಳಲು ಕಾರಣವಿದೆ. ಬಲ್ಲವರಿಗೂ ಕಡಲು ಕಡಲೇ. ಕಲಿತರೆ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಮಾಯ್ ಕೇಳಿದ ಪ್ರಶ್ನೆ

ಊರಿಗೆ ಬಂದ ದಿನ ಮಗಳ ಸುಟ್ಟ ಮೂಗು, ನನ್ನ ತರಚಿದ ಮೊಣಕಾಲು ನೋಡಿಯೇ ಮಾಯ್‌ಗೆ ಗೊತ್ತಾಗಿತ್ತು. ಸಂಜೆ ಜಪಸರ ಮುಗಿದು, ಅಣ್ಣನ ಪ್ರಾರ್ಥನೆಯೂ ಮುಗಿದ ಮೇಲೆ, "ಕಡಲಿಗೆ ಇಳಿದಿರಾ?" ಎಂದು ಕೇಳಿದರು.

ಹೌದು ಎಂದೆ. ಸುಳ್ಳು ಹೇಳಿ ಹೋದದ್ದಕ್ಕೆ ಕ್ಷಮೆ ಕೇಳಿದೆ. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

"ಅಲ್ಲಿ ಏನು ಕಲಿಸುತ್ತಾರೆ?"

ಮಗಳು ಒಂದು ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ಗೆರೆ ಎಳೆದು ಅಜ್ಜಿಗೆ ತೋರಿಸಿದಳು. ಇದು ದಡ, ಇದು ಮರಳದಿಬ್ಬ, ಇಲ್ಲಿ ಅಲೆ ಮುರಿಯುತ್ತದೆ, ಇಲ್ಲಿ ಮುರಿಯುವುದಿಲ್ಲ, ಇಲ್ಲಿಂದ ನೀರು ಹೊರಗೆ ಹೋಗುತ್ತದೆ. ಸಿಕ್ಕಿದರೆ ಹೀಗೆ ತೇಲಬೇಕು, ಹೀಗೆ ಪಕ್ಕಕ್ಕೆ ಹೋಗಬೇಕು. ಮಾಯ್ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಆ ಗೆರೆಗಳನ್ನು ನೋಡಿದರು.

"ಇಷ್ಟೇಯಾ?" ಎಂದರು.

ಇಷ್ಟೇ ಎಂದೆ.

"ನಾನು ಅವನಿಗೆ ಹೋಗಬೇಡ ಎಂದು ಎಷ್ಟು ಸಲ ಹೇಳಿದ್ದೆ. ಇದನ್ನು ಹೇಳಲು ನನಗೆ ಗೊತ್ತಿರಲಿಲ್ಲ."

ಅದಾದ ಮೇಲೆ ಯಾರೂ ಮಾತನಾಡಲಿಲ್ಲ. ಮರುದಿನ ಬೆಳಿಗ್ಗೆ ಆ ಕ್ಯಾಲೆಂಡರಿನ ಹಾಳೆ ಅಣ್ಣನ ಫೋಟೋದ ಕೆಳಗೆ ಮಡಚಿ ಇಟ್ಟದ್ದು ಕಂಡಿತು.

ನಮ್ಮ ವಾಳೆಯಲ್ಲಿ ಏನು ಮಾಡಬಹುದು?

ಎಲ್ಲರೂ ಸರ್ಫಿಂಗ್ ಕಲಿಯಬೇಕು ಎಂದು ನಾನು ಹೇಳುತ್ತಿಲ್ಲ. ಆದರೆ ರಜೆ ಬಂತೆಂದರೆ ಯುವಜನರ ಪಿಕ್ನಿಕ್, ಕ್ಯಾಟಿಕಿಸಂ ಮಕ್ಕಳ ಪ್ರವಾಸ, ವಾಳೆಯ ಕುಟುಂಬಗಳ ಮಿಲನ ಎಲ್ಲವೂ ತೀರದಲ್ಲೇ ಮುಗಿಯುತ್ತವೆ. "ಇಳಿಯಬೇಡ" ಎಂಬ ಮಾತನ್ನು ಹರೆಯದವರು ಎಷ್ಟು ಹೊತ್ತು ಕೇಳುತ್ತಾರೆ ಎಂಬುದು ಹೆತ್ತವರಿಗೆಲ್ಲ ತಿಳಿದಿದೆ. ಆದ್ದರಿಂದ ಈ ಕೆಲವು ಮಾತುಗಳನ್ನು ಮನೆಯಲ್ಲಿ, ವಾಳೆಯ ಕೂಟದಲ್ಲಿ ಹಂಚಿಕೊಳ್ಳಿ:

* ನೀರಿಗಿಳಿಯುವ ಮೊದಲು ಹತ್ತು ನಿಮಿಷ ದಡದಲ್ಲಿ ನಿಂತು ನೋಡಿ. ಎರಡು ನೊರೆಸಾಲುಗಳ ನಡುವಿನ ಶಾಂತ, ಕಪ್ಪು ನೀರು ಸುರಕ್ಷಿತವಲ್ಲ.

* ನದಿ ಕಡಲು ಸೇರುವಲ್ಲಿ, ಬಂಡೆ ಮತ್ತು ತಡೆಗೋಡೆಗಳ ಪಕ್ಕದಲ್ಲಿ ಇಳಿಯಬೇಡಿ. ಮಳೆಗಾಲದಲ್ಲಿ ಎಲ್ಲಿಯೂ ಇಳಿಯಬೇಡಿ.

* ಜೀವರಕ್ಷಕರಿರುವ ತೀರವನ್ನೇ ಆರಿಸಿ. ಇಲ್ಲದಿದ್ದರೆ ಊರಿನ ಮೀನುಗಾರರನ್ನು ಕೇಳಿ, ಅವರು ಹೇಳಿದಂತೆ ನಡೆಯಿರಿ.

* ಸೆಳೆತಕ್ಕೆ ಸಿಕ್ಕಿದರೆ ಎದುರಾಗಿ ಈಜಬೇಡಿ. ತೇಲಿ, ಕೈ ಎತ್ತಿ, ಕೂಗಿ. ಶಕ್ತಿ ಇದ್ದರೆ ದಡದ ಉದ್ದಕ್ಕೆ ಈಜಿ.

* ಇನ್ನೊಬ್ಬರು ಮುಳುಗುವುದನ್ನು ಕಂಡು ಬರಿಗೈಯಲ್ಲಿ ಧುಮುಕಬೇಡಿ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರನ್ನು ಕಳೆದುಕೊಂಡ ಕುಟುಂಬಗಳಿವೆ. ಮುಚ್ಚಳ ಹಾಕಿದ ಖಾಲಿ ಕ್ಯಾನ್, ಹಗ್ಗ, ತೇಲುವ ಏನನ್ನಾದರೂ ಎಸೆಯಿರಿ. ಜನರನ್ನು ಕೂಗಿ, 112ಕ್ಕೆ ಫೋನ್ ಮಾಡಿ.

* ಸರ್ಫಿಂಗ್ ಕಲಿಯುವ ಆಸೆಯಿದ್ದರೆ ಮೊದಲು ಈಜು ಕಲಿಯಿರಿ. ಆಮೇಲೆ ತರಬೇತಿ ಪಡೆದವರಲ್ಲೇ ಕಲಿಯಿರಿ. ಮೊದಲ ದಿನವೇ ಬೋರ್ಡ್ ಕೊಟ್ಟು ನೀರಿಗೆ ಕಳಿಸುವವರಲ್ಲಿಗೆ ಹೋಗಬೇಡಿ, ನೀರನ್ನು ಓದಲು ಕಲಿಸುವವರಲ್ಲಿಗೆ ಹೋಗಿ.

ಕಳೆದ ವರ್ಷದ ಕ್ರಿಸ್ಮಸ್ ರಜೆಯಲ್ಲಿ ನಮ್ಮ ವಾಳೆಯ ಮಕ್ಕಳನ್ನು ತೀರಕ್ಕೆ ಕರೆದುಕೊಂಡು ಹೋದೆವು. ಆಟಕ್ಕೆ ಮೊದಲು ಎಲ್ಲರನ್ನೂ ಕಡಲಿಗೆ ಮುಖ ಮಾಡಿ ಕೂರಿಸಿದೆ. "ಎಲ್ಲಿ ಇಳಿದರೆ ಸುರಕ್ಷಿತ ಅಂತ ಕಾಣ್ತದೆ?" ಎಂದು ಕೇಳಿದೆ. ಹದಿನೇಳು ಮಕ್ಕಳಲ್ಲಿ ಹದಿನಾರು ಮಂದಿ ಶಾಂತವಾದ ಜಾಗವನ್ನೇ ತೋರಿಸಿದರು. ನನ್ನ ಮಗಳೊಬ್ಬಳು ತೋರಿಸಲಿಲ್ಲ. ನಾನು ಒಂದು ಕೋಲು ತೆಗೆದುಕೊಂಡು ಮರಳಿನ ಮೇಲೆ ಗೆರೆ ಎಳೆಯತೊಡಗಿದೆ.